ದಿನಾ ಕುಡಿಯುವ ಸ್ಕಾಚು ಮತ್ತು ಮಡಕಶಿರಾದ ಬೀಗರು

ರಾಯದುರ್ಗ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿಗೆ ದಾರ, ಜಿಪ್ಪು, ಗುಂಡಿ ಒದಗಿಸುವುದು ನನ್ನ ಕಸುಬು. ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ದಾರದ ಕಂಪನಿಯವರು ವರ್ಷಕ್ಕೊಮ್ಮೆ ಪರದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ಸಾಮಾನ್ಯವಾಗಿ ಅದು ಬ್ಯಾಂಕಾಕ್. ಹೋಗಿ ಬಂದವರು ಮನೆಯಲ್ಲಿ ಅಲ್ಲಿಯ ದೇವಸ್ಥಾನಗಳ ಫೋಟೋ ಮಾತ್ರ ತೋರಿಸುತ್ತಾರೆ. ನನ್ನ ಸರದಿ ಬಂದ ವರ್ಷ ಕಂಪನಿಯವರಿಗೆ ಏನನ್ನಿಸಿತೋ, ಸ್ಕಾಟ್ಲೆಂಡ್ ಅಂದರು. ಜೊತೆಗೆ ಒಬ್ಬರನ್ನು ಕರೆತರಬಹುದು ಅಂದರು.

ನನ್ನ ಹೆಂಡತಿ ಗಿರಿಜಾ ಮೊದಲ ಮಾತಿಗೇ ಒಲ್ಲೆ ಅಂದಳು. "ಜೂನ್ ತಿಂಗಳದಾಗ ಸ್ವೆಟರ್ ಹಾಕ್ಕೊಂಡು ತಿರುಗೋ ಊರಿಗೆ ನಾ ಬರಂಗಿಲ್ರಿ. ಬೀಗರನ್ನ ಕರ್ಕೊಂಡು ಹೋಗ್ರಿ. ಸುಧಾನ ಮಾತು ಒಂದು ಆಗತೈತಿ."

ಸುಧಾ ನಮ್ಮ ಒಬ್ಬಳೇ ಮಗಳು. ಮಡಕಶಿರಾಕ್ಕೆ ಕೊಟ್ಟಿದ್ದೇವೆ. ಅವಳ ಮಾವ ರುದ್ರಪ್ಪನವರು ಅಲ್ಲಿ ಕಿರಾಣಿ ಅಂಗಡಿ ಇಟ್ಟವರು. ಹಣೆ ತುಂಬ ವಿಭೂತಿ, ಎರಡು ಹೊತ್ತು ಪೂಜೆ, ಮಾತು ತೂಗಿ ಆಡುವ ಮನುಷ್ಯ. ಹೊಲಿಗೆ ಸದ್ದಿನಲ್ಲೇ ಬೆಳೆದ ನನ್ನ ಮಗಳಿಗೆ ಅಲ್ಲಿಯೂ ನಾಲ್ಕು ಮಿಷಿನ್ ಹಾಕಿ ಚೂಡಿದಾರ್, ಸ್ಕೂಲ್ ಯೂನಿಫಾರ್ಮ್ ಹೊಲಿಸಬೇಕೆಂಬ ಆಸೆ. ಅದಕ್ಕೆ ಅವಳು ಕೇಳಿದ್ದು ಅಂಗಡಿಯ ಹಿಂದಿನ ರೂಮು. ಕಿಟಕಿ ದೊಡ್ಡದು, ಬೆಳಕು ಚೆನ್ನಾಗಿದೆ, ಇಟ್ಟಿರುವುದು ಖಾಲಿ ಗೋಣಿಚೀಲ. ಬೀಗರು ಆಯಿತು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ನೋಡಾಣ" ಅಂದವರು ಬೇಸಿಗೆ ಕಳೆದರೂ ನೋಡುತ್ತಲೇ ಇದ್ದರು. ಸುಧಾ ಫೋನಿನಲ್ಲಿ ಅಳಲಿಲ್ಲ, ಆದರೆ ಮಿಷಿನ್ ಸುದ್ದಿ ತೆಗೆಯುವುದನ್ನು ಬಿಟ್ಟಿದ್ದಳು. ನನಗೆ ಅದೇ ಹೆಚ್ಚು ಚಿಂತೆಯಾಗಿತ್ತು.

ಹೀಗೆ ಬೀಗರನ್ನು ಒಲಿಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ಅದರ ಮೇಲೆ ಇನ್ನೊಂದು ಕೆಲಸವೂ ಬಿತ್ತು. ಇದನ್ನು ಹೇರಿದವನು ಕಟಿಂಗ್ ಮಾಸ್ಟರ್ ತಿಪ್ಪೇಸ್ವಾಮಿ. ಶನಿವಾರ ಸಂಜೆ ಅವನ ಯೂನಿಟ್ಟಿನ ಮಾಳಿಗೆ ಮೇಲೆ ನಾವಿಬ್ಬರೂ ಸ್ವಲ್ಪ ಹೊತ್ತು ಕೂರುವುದುಂಟು. ಬೊಮ್ಮನಹಾಳ್ ಕಡೆಯಿಂದ ಆಂಧ್ರದ ಗಡಿ ದಾಟಿ ಬಳ್ಳಾರಿಗೆ ಹೋದವರು ಯಾರಾದರೂ ತಂದುಕೊಟ್ಟಿದ್ದನ್ನು ಕುಡಿಯುತ್ತೇವೆ. ಮನೆಯಲ್ಲಿ ಇದನ್ನು "ಸ್ಟಾಕ್ ನೋಡೋದು" ಅಂತ ಹೇಳಿದ್ದೇನೆ.

"ಅಣ್ಣಾ, ಸ್ಕಾಚ್ ಹುಟ್ಟಿದ ಊರಿಗೇ ಹೊಂಟೀರಿ" ಅಂದ ತಿಪ್ಪೇಸ್ವಾಮಿ. "ಶೋಕೇಸಿನಾಗ ಇಡೋದು ಬ್ಯಾಡ. ಅಲ್ಲಿ ಮಂದಿ ಮನ್ಯಾಗ ದಿನಾ ಏನು ಕುಡೀತಾರ, ಅದನ್ನ ತಿಳ್ಕೊಂಡು ಬರ್ರಿ. ರೇಟಿಗೆ ತಕ್ಕ ಮಾಲು ಇರಬೇಕು."

ಒಂದು ಕಡೆ ಕುಡಿತದ ಹೆಸರು ಹೇಳಿದರೆ ಬಾಯಿ ತೊಳೆಯುವಂಥ ಬೀಗರು, ಇನ್ನೊಂದು ಕಡೆ ವಿಸ್ಕಿಯ ವಿಚಾರಣೆ. ಎರಡನ್ನೂ ಒಂದೇ ಹೋಟೆಲ್ ರೂಮಿನಲ್ಲಿ ಇಟ್ಟುಕೊಂಡು ನಾನು ವಿಮಾನ ಹತ್ತಿದೆ.

ಎಡಿನ್‌ಬರೋ

ಬೀಗರು ಜನ್ಮದಲ್ಲಿ ಮೊದಲ ಸಲ ಪ್ಯಾಂಟು ಹಾಕಿದ್ದರು. ಅದೂ ಜೀನ್ಸ್. ಚಳಿಗೆ ದಪ್ಪ ಬಟ್ಟೆ ಇರಲೆಂದು ತಿಪ್ಪೇಸ್ವಾಮಿಯೇ ಅಳತೆ ತೆಗೆದು ಹೊಲಿದುಕೊಟ್ಟಿದ್ದ. ವಿಮಾನದಲ್ಲಿ ಇಡೀ ದಾರಿ ಅವರು ಕಾಲು ಮಡಚಿ ಕೂರಲು ನೋಡಿದರು, ಆಗಲಿಲ್ಲ. "ಬೀಗ್ರೇ, ಇದನ್ನ ಹಾಕ್ಕಂಡು ನಿಮ್ಮೂರೋರು ಹೆಂಗೆ ಊಟಕ್ಕೆ ಕೂರ್ತಾರೆ?" ಅಂದರು. ನಾವು ಹೊಲಿಯುತ್ತೇವೆ, ಕೂರುವವರು ಬೇರೆ ಊರಿನವರು ಅಂದೆ.

ಎರಡನೆಯ ದಿನ ಅವರು ಜೀನ್ಸನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಒಳಗೆ ಉಣ್ಣೆಯ ಉದ್ದ ಚಡ್ಡಿ, ಮೇಲೆ ಬಿಳಿ ಪಂಚೆ, ಅದರ ಮೇಲೆ ಕೋಟು, ತಲೆಗೆ ಮಫ್ಲರ್. ಆ ವೇಷದಲ್ಲಿ ಊರಿನ ದೊಡ್ಡ ಬೀದಿಯಲ್ಲಿ ನಡೆದರು. ನನಗೆ ಸಂಕೋಚ. ನಮ್ಮ ಗುಂಪಿನ ಉಳಿದ ಡೀಲರುಗಳು ಸ್ವಲ್ಪ ಮುಂದೆ ಹೋಗಿ ನಡೆಯತೊಡಗಿದರು.

ಮೂಲೆಯಲ್ಲಿ ಒಬ್ಬ ದೊಡ್ಡ ಆಸಾಮಿ ಚೌಕಳಿ ಲಂಗ ಉಟ್ಟು ಚೀಲದ ವಾದ್ಯ ಊದುತ್ತಿದ್ದ. ಅಲ್ಲಿಯ ಗಂಡಸರ ಹಬ್ಬದ ಉಡುಗೆ ಅದು. ಬೀಗರನ್ನು ಕಂಡು ಊದುವುದನ್ನು ನಿಲ್ಲಿಸಿದ. ಕೆಳಗಿಂದ ಮೇಲೆ ನೋಡಿದ. ತನ್ನ ಲಂಗದ ಅಂಚು ಮುಟ್ಟಿ ತೋರಿಸಿ, ಇವರ ಪಂಚೆಯ ಕಡೆ ಕೈಮಾಡಿ, ಸೊಂಟ ಬಗ್ಗಿಸಿ ನಮಸ್ಕರಿಸಿದ. ಬೀಗರೂ ಕೈ ಮುಗಿದರು. ಅಷ್ಟರಲ್ಲಿ ಒಂದು ಗಾಳಿ ಬೀಸಿತು ನೋಡಿ, ಇಬ್ಬರೂ ಒಟ್ಟಿಗೇ ಮುಂದೆ ಬಗ್ಗಿ ತಮ್ಮ ತಮ್ಮ ಬಟ್ಟೆ ಹಿಡಿದುಕೊಂಡರು. "ಪಾಪ, ಇವ್ರಿಗೂ ಅದೇ ತಾಪತ್ರಯ" ಅಂದರು ಬೀಗರು. ಆಮೇಲೆ ಉಳಿದ ಡೀಲರುಗಳೇ ಬಂದು ಅವರ ಜೊತೆ ಫೋಟೋ ತೆಗೆಸಿಕೊಂಡರು.

ಊರ ನಡುವೆ ಬಂಡೆಯ ಮೇಲೆ ಕೋಟೆ ಇದೆ. ಚೆನ್ನಾಗಿಯೇ ಇದೆ. ಆದರೆ ರಾಯದುರ್ಗದವನಿಗೆ ಬಂಡೆಯ ಮೇಲಿನ ಕೋಟೆ ತೋರಿಸಿ ಟಿಕೆಟ್ ಕೇಳಿದರೆ ಏನನ್ನಬೇಕು. ನಮ್ಮ ದುರ್ಗ ಹತ್ತಿದರೆ ಬಿಸಿಲಿಗೆ ಬೆವರುತ್ತೇವೆ, ಇಲ್ಲಿ ಹತ್ತಿದರೆ ಮೂಗು ಸೋರುತ್ತದೆ, ವ್ಯತ್ಯಾಸ ಅಷ್ಟೇ ಅನ್ನಿಸಿತು. ಜನ ಮಾತ್ರ ಒಳ್ಳೆಯವರು. ದಾರಿ ಕೇಳಿದರೆ ಅಲ್ಲಿಯವರೆಗೂ ಬಂದು ಬಿಡುತ್ತಾರೆ. ಹೌದು ಅನ್ನುವುದಕ್ಕೆ "ಆಯ್" ಅನ್ನುತ್ತಾರೆ. ಬೀಗರು ಅದನ್ನು ನಮ್ಮ "ಆಯ್ತು" ಅಂತಲೇ ತಿಳಿದು ಎಲ್ಲರಿಗೂ ಕನ್ನಡದಲ್ಲೇ ಉತ್ತರಿಸುತ್ತಿದ್ದರು. ಯಾರಿಗೂ ತೊಂದರೆ ಆಗಲಿಲ್ಲ.

ತೊಂದರೆ ಕೊಟ್ಟಿದ್ದು ಸೂರ್ಯ. ಬೀಗರು ಹೊತ್ತು ಮುಳುಗಿದ ಮೇಲೆ ಪೂಜೆ ಮಾಡಿಯೇ ಊಟಕ್ಕೆ ಕೂರುವವರು. ಆ ಊರಲ್ಲಿ ಬೇಸಿಗೆಯ ಹೊತ್ತು ಮುಳುಗುವುದೇ ಇಲ್ಲ. ಊಟದ ಹೊತ್ತಾದರೂ ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು. ಅವರು ಕಾದರು. ಅವರನ್ನು ಬಿಟ್ಟು ಉಣ್ಣುವುದು ಹೇಗೆಂದು ನಾನೂ ಕಾದೆ. ಹೋಟೆಲಿನ ಅಡುಗೆಮನೆ ಮುಚ್ಚಿತು. ಗಿರಿಜಾ ಕಟ್ಟಿಕೊಟ್ಟ ಚಟ್ನಿಪುಡಿಗೆ ಬಿಸ್ಕೆಟ್ ಅದ್ದಿಕೊಂಡು ತಿಂದು ಮಲಗಿದೆವು.

ಬೆಳಿಗ್ಗೆ ಅವರೇ ದಾರಿ ಕಂಡುಕೊಂಡರು. "ಇಲ್ಲೀ ಸೂರ್ಯನ್ನ ನಂಬಂಗಿಲ್ಲ ಬೀಗ್ರೇ. ಮಡಕಶಿರಾದಲ್ಲಿ ಹೊತ್ತು ಮುಳುಗಿದರೆ ನನಗೆ ಮುಳುಗಿದಂಗೆ." ಕೈಗಡಿಯಾರದಲ್ಲಿ ಊರಿನ ಹೊತ್ತನ್ನೇ ಇಟ್ಟುಕೊಂಡರು. ಅಂದಿನಿಂದ ಅವರ ಸಂಜೆಯ ಪೂಜೆ ನಟ್ಟನಡು ಮಧ್ಯಾಹ್ನ ನಡೆಯತೊಡಗಿತು. ಅದಾದ ಮೇಲೆ ಸ್ವಲ್ಪ ಹೊತ್ತು ಒಬ್ಬರೇ ಕಣ್ಮರೆ ಆಗುತ್ತಿದ್ದರು. ಕಫಕ್ಕೆ ಔಷಧಿ ತಗೊಂಡು ಒಂದು ಸುತ್ತು ಹಾಕಿ ಬರುತ್ತೇನೆ ಅನ್ನುತ್ತಿದ್ದರು. ವಯಸ್ಸಾದವರು, ಚಳಿ ದೇಶ. ನಾನು ಅನುಮಾನಪಡಲಿಲ್ಲ.

ಆ ಬಿಡುವಿನಲ್ಲಿ ನಾನು ತಿಪ್ಪೇಸ್ವಾಮಿಯ ಕೆಲಸಕ್ಕೆ ಹೊರಟೆ. ಪ್ರವಾಸಿಗರ ಅಂಗಡಿಯೊಂದರಲ್ಲಿ ಜಿಂಕೆಯ ಆಕಾರದ ಬಾಟಲಿ ಕಂಡಿತು. ಕೊಂಬು ಸಮೇತ ಇತ್ತು. ಒಳಗೆ ಬಂಗಾರದ ಬಣ್ಣದ ವಿಸ್ಕಿ. ಅಂಗಡಿಯವಳು ನಗುನಗುತ್ತಾ ಸುತ್ತಿಕೊಟ್ಟಳು. ಒಂದೇ ಏಟಿಗೆ ಕೆಲಸ ಮುಗಿಯಿತೆಂದು ಅದನ್ನು ತಂದು ಬನಿಯನ್ನುಗಳ ಮಧ್ಯೆ ಬಚ್ಚಿಟ್ಟೆ.

ಸ್ಪೇ ನದಿಯ ಕಣಿವೆ

ನಾಲ್ಕನೆಯ ದಿನ ಬಸ್ಸಿನಲ್ಲಿ ಉತ್ತರಕ್ಕೆ ಹೊರಟು ಒಂದು ವಿಸ್ಕಿ ಕಾರ್ಖಾನೆಗೆ ಹೋದೆವು. ಎಲ್ಲಿ ನೋಡಿದರೂ ಹಸಿರು. ಕುರಿಗಳು ಎಷ್ಟು ಬೆಳ್ಳಗೆ ಇದ್ದವೆಂದರೆ ಯಾರೋ ಬೆಳಿಗ್ಗೆ ಒಗೆದು ಬಿಟ್ಟಂತಿತ್ತು. "ಕಾಯೋರೇ ಇಲ್ವಲ್ಲ" ಅಂತ ಬೀಗರು ದಾರಿಯುದ್ದಕ್ಕೂ ಪೇಚಾಡಿದರು.

ಕಾರ್ಖಾನೆ ತೋರಿಸಿದವರು ನರೆಗೂದಲಿನ ಹೆಂಗಸು. ಹೆಸರು ಶೀಲಾ ಅಂದರು. ಬೀಗರು ತಿರುಗಿ ನನ್ನನ್ನು ಕೇಳಿದರು, "ನಮ್ಮ ಕಡೆಯೋರಾ?" ಅಲ್ಲ, ಅದು ಇಲ್ಲಿಯ ಹೆಸರೂ ಹೌದಂತೆ ಅಂದೆ. ಅಲ್ಲಿಂದಾಚೆ ಅವರು ಶೀಲಮ್ಮ ಆದರು.

ಶೀಲಮ್ಮ ಮೊದಲು ಮೊಳಕೆ ಬಂದ ಬಾರ್ಲಿಯ ರಾಶಿ ತೋರಿಸಿದರು. ಬೀಗರು ಒಂದು ಹಿಡಿ ಎತ್ತಿ ಮೂಸಿ, ಎರಡು ಕಾಳು ಬಾಯಿಗೆ ಹಾಕಿದರು. "ಮೊಮ್ಮಕ್ಕಳಿಗೆ ಮಾಡೋ ರಾಗಿ ಮಾಲ್ಟ್ ಇದೇ ಅಲ್ವಾ" ಅಂದರು. ಅದೇ ಮಾಲ್ಟು ನೀರಲ್ಲಿ ಹುದುಗಿ, ತಾಮ್ರದ ಹಂಡೆಯಲ್ಲಿ ಕುದ್ದು, ಆವಿಯಾಗಿ ಇಳಿದು, ಮರದ ಪೀಪಾಯಿ ಸೇರಿ ವರ್ಷಗಟ್ಟಲೆ ಕತ್ತಲಲ್ಲಿ ಕೂರುತ್ತದೆ. ಅಲ್ಲಿ ಪ್ರತಿ ವರ್ಷ ಒಂದಿಷ್ಟು ಆರಿ ಹೋಗುತ್ತದಂತೆ. ಅದನ್ನು ದೇವತೆಗಳ ಪಾಲು ಅನ್ನುತ್ತೇವೆ ಅಂದರು ಶೀಲಮ್ಮ. ನಾನು ಕನ್ನಡದಲ್ಲಿ ಹೇಳಿದೆ. ಬೀಗರು ಗಂಭೀರವಾಗಿ, "ನಮ್ಮ ಗೋಡೌನ್‌ನಲ್ಲಿ ಅದು ಇಲಿ ಪಾಲು ಅಂತ ಹೇಳಿ ಅವ್ರಿಗೆ" ಅಂದರು. ಹೇಳಿದೆ. ಶೀಲಮ್ಮ ಪೀಪಾಯಿ ಹಿಡಿದುಕೊಂಡು ನಕ್ಕರು.

ಕೊನೆಗೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಸಣ್ಣ ಸಣ್ಣ ಗ್ಲಾಸಲ್ಲಿ ರುಚಿಗೆ ಕೊಟ್ಟರು. ಗುಂಪಿನವರೆಲ್ಲ ಕೈ ಚಾಚಿದರು. ನಾನು ಬೀಗರ ಮುಖ ನೋಡಿ, "ನಂಗ ಅಭ್ಯಾಸ ಇಲ್ರಿ" ಅಂದೆ. ಅವರು ನನ್ನ ಮುಖ ನೋಡಿ, "ನಮ್ಮ ಮನೆತನದಲ್ಲೇ ಇಲ್ಲ" ಅಂದರು. ಇಬ್ಬರ ಮುಂದೆಯೂ ತುಂಬಿದ ಗ್ಲಾಸು. ಇಬ್ಬರೂ ಗೋಡೆಯ ಮೇಲಿನ ಜಿಂಕೆಯ ತಲೆ ನೋಡುತ್ತಾ ಕೂತೆವು. ಅಂಥ ಸುವಾಸನೆಯ ಎದುರು ಅಷ್ಟು ಹೊತ್ತು ಸುಮ್ಮನೆ ಕೂತಿದ್ದು ನನ್ನ ಆಯುಷ್ಯದಲ್ಲಿ ಮೊದಲು.

ಆದರೆ ತಿಪ್ಪೇಸ್ವಾಮಿಯ ಕೆಲಸ ಆಗಬೇಕಲ್ಲ. ಊರಲ್ಲಿ ಒಬ್ಬ ಗೆಳೆಯ ಇದ್ದಾನೆ, ಅವನಿಗಾಗಿ ಕೇಳುತ್ತೇನೆ ಅಂತ ಪೀಠಿಕೆ ಹಾಕಿ ಶೀಲಮ್ಮನನ್ನು ಕೇಳಿದೆ. ನೀವು ಮನೆಯಲ್ಲಿ ದಿನಾ ಏನು ಕುಡಿಯುತ್ತೀರಿ?

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ಇಲ್ಲಿಯ ಮಾಲು ಮಗನ ಮದುವೆಗೆ ಒಳ್ಳೆಯದು, ಮಂಗಳವಾರ ಸಂಜೆಗೆ ಅದು ಬೇಡ ಅಂದರು. ದಿನಕ್ಕಾದರೆ ಬೇರೆ ಬೇರೆ ಭಟ್ಟಿಯ ಮಾಲು ಬೆರೆಸಿದ್ದೇ ಸಾಕು, ಬೆರೆಸಿದ್ದು ಅಂದರೆ ಕೀಳು ಅಂತಲ್ಲ, ಬೆರೆಸುವುದೂ ಒಂದು ವಿದ್ಯೆ. ವಯಸ್ಸಿನ ಅಂಕಿ ನೋಡಿ ಮರುಳಾಗಬೇಡಿ. ಬಾಟಲಿಯ ಮೇಲೆ ನಲವತ್ತು ಪರ್ಸೆಂಟಿಗಿಂತ ಸ್ವಲ್ಪ ಮೇಲೆ ಇದ್ದರೆ ನೀರು ಹಾಕಿದರೂ ರುಚಿ ನಿಲ್ಲುತ್ತದೆ. ದೊಡ್ಡ ಕಿರಾಣಿ ಅಂಗಡಿಗಳು ತಮ್ಮದೇ ಹೆಸರು ಹಚ್ಚಿ ಮಾರುವುದರಲ್ಲಿ ಎಷ್ಟೋ ಸಲ ಒಳ್ಳೆ ಭಟ್ಟಿಯ ಮಾಲೇ ಇರುತ್ತದೆ. ಎಲ್ಲಕ್ಕಿಂತ ಮೊದಲು, ರಟ್ಟಿನ ಡಬ್ಬಿ ಬಿಟ್ಟುಬಿಡಿ. ಕುಡಿಯುವುದು ಡಬ್ಬಿಯನ್ನಲ್ಲ.

ಇದನ್ನು ಕನ್ನಡದಲ್ಲಿ ಹೇಳೆಂದು ಬೀಗರು ನನ್ನ ಮೊಣಕೈ ತಿವಿದರು. ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿ, "ವಯಸ್ಸಿಂದು ಇನ್ನೊಂದು ಸಲ ಹೇಳಿ" ಅಂದರು. ನಾನು ಅಚ್ಚರಿಯಿಂದ ನೋಡಿದ್ದಕ್ಕೆ, "ವ್ಯಾಪಾರದೋರು ಎಲ್ಲಾ ಮಾಲಿನ ವಿಷ್ಯನೂ ತಿಳ್ಕಂಡಿರ್ಬೇಕು" ಅಂದರು. ಬಸ್ಸಿಗೆ ಹೊರಡುವಾಗ ನಾನು ಬಾಗಿಲಲ್ಲಿ ತಿರುಗಿ ನೋಡಿದೆ. ಶೀಲಮ್ಮ ಮೇಜು ಒರೆಸುತ್ತಿದ್ದರು. ನನ್ನ ಗ್ಲಾಸು ತುಂಬಿಯೇ ಇತ್ತು. ಬೀಗರದು ಖಾಲಿ. ಪಕ್ಕದಲ್ಲಿ ಕೂತಿದ್ದ ಕೊಯಮತ್ತೂರಿನ ಡೀಲರು ಎತ್ತಿರಬೇಕು ಅಂದುಕೊಂಡೆ.

ಇನ್ವರ್ನೆಸ್

ಇನ್ವರ್ನೆಸ್ ಸಣ್ಣ ಊರು. ನಡುವೆ ನದಿ, ನದಿಯಲ್ಲಿ ತುಂಬ ನೀರು. ನೀರು ಕಂಡರೆ ಸಾಕು, ನಾವು ಅನಂತಪುರ ಜಿಲ್ಲೆಯವರು ಸೇತುವೆಯ ಮೇಲೆ ನಿಂತುಬಿಡುತ್ತೇವೆ. ಅಲ್ಲಿಯ ಜನ ಆ ನೀರಿಗೆ ತಿರುಗಿಯೂ ನೋಡುವುದಿಲ್ಲ. ಅವರಿಗೆ ಬಿಸಿಲು ಬೇಕು. ಚೂರು ಬಿಸಿಲು ಬಿದ್ದರೆ ಹುಲ್ಲಿನ ಮೇಲೆ ಅಂಗಿ ಬಿಚ್ಚಿ ಒಣ ಮೆಣಸಿನಕಾಯಿ ಹರವಿದ ಹಾಗೆ ಮಲಗುತ್ತಾರೆ.

ಅಲ್ಲಿಯ ಎರಡನೆಯ ದಿನ ಮಧ್ಯಾಹ್ನ ಬೀಗರು ಪೂಜೆ ಮುಗಿಸಿ, "ಮೊಸರು ಸಿಗುತ್ತೇನೋ ನೋಡ್ಕಂಡು ಬರ್ತೀನಿ" ಅಂತ ಹೊರಟರು. ಅವರು ಹೋದ ಮೇಲೆ ನಾನೂ ಹೊರಟೆ. ಊರಿನ ದೊಡ್ಡ ಕಿರಾಣಿ ಅಂಗಡಿ ಹೊಕ್ಕೆ. ವಿಸ್ಕಿಯ ಸಾಲು ನಮ್ಮ ಊರಿನ ಬಟ್ಟೆ ಬಜಾರಿನಷ್ಟು ಉದ್ದ. ಮೂಲೆ ತಿರುಗಿದರೆ ಬಿಳಿ ಪಂಚೆ ಕಂಡಿತು.

ಬೀಗರು ಒಂದು ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ಪರ್ಸೆಂಟು ಹುಡುಕುತ್ತಿದ್ದರು. ನನ್ನನ್ನು ನೋಡಿದರು. ಬಾಟಲಿಯನ್ನು ನಿಧಾನವಾಗಿ ಮೊದಲಿದ್ದ ಜಾಗದಲ್ಲೇ ಇಟ್ಟರು.

"ಮೊಸರು ಈ ಕಡೆ ಇರಬೋದು ಅನ್ಕಂಡೆ" ಅಂದರು.

"ನಾನೂ ಮಂಡಿಗೆ ಹಚ್ಚೋ ಮುಲಾಮು ನೋಡಾಕ ಬಂದೆ ನೋಡ್ರಿ" ಅಂದೆ.

ಇಬ್ಬರೂ ಅಲ್ಲಿಂದ ಸರಿಯುವ ದಾರಿ ಹುಡುಕುತ್ತಿದ್ದೆವು. ಅಷ್ಟರಲ್ಲಿ ಅಂಗಡಿಯ ಸಮವಸ್ತ್ರದಲ್ಲಿದ್ದ ಒಬ್ಬ ಹೆಣ್ಣುಮಗಳು ಡಬ್ಬಗಳ ಗಾಡಿ ತಳ್ಳುತ್ತಾ ಬಂದಳು. ಬೀಗರನ್ನು ಕಂಡು ಮುಖ ಅರಳಿಸಿ ತೆಲುಗಿನಲ್ಲಿ, "ಬಾಬಾಯಿಗಾರೂ, ನಿನ್ನ ತೀಸ್ಕುನ್ನದಿ ಎಲಾ ಉಂದಿ?" ಅಂದಳು. ಚಿಕ್ಕಪ್ಪಾ, ನಿನ್ನೆ ಒಯ್ದದ್ದು ಹೇಗಿತ್ತು ಅಂತ. ಗುಂಟೂರಿನವಳಂತೆ, ಗಂಡನ ಜೊತೆ ಅಲ್ಲಿ ನೆಲೆಸಿ ಬಹಳ ವರ್ಷ ಆಯಿತಂತೆ. ಸ್ಕಾಟ್ಲೆಂಡಿನ ತುದಿಗೆ ಹೋದರೂ ತೆಲುಗು ಬಂದವರಿಗೆ ಗುಟ್ಟು ಉಳಿಯುವುದಿಲ್ಲ.

ಬೀಗರು ನೆಲ ನೋಡಿದರು. ನಾನು ಚಾವಣಿ ನೋಡಿದೆ. ಅವಳು ಏನೂ ಅರಿಯದೆ, ನಿನ್ನೆ ಹೊಗೆಯ ವಾಸನೆಯದು ತಗೊಂಡಿರಿ, ಇವತ್ತು ಇದನ್ನು ನೋಡಿ ಅಂತ ಅಂಗೈಯಷ್ಟು ಸಣ್ಣ ಬಾಟಲಿಯೊಂದನ್ನು ಅವರ ಕೈಗಿಟ್ಟು ಗಾಡಿ ತಳ್ಳಿಕೊಂಡು ಹೋದಳು.

ಬೀಗರು ಆ ಬಾಟಲಿಯನ್ನು ಅಂಗೈಯಲ್ಲಿ ತಿರುಗಿಸುತ್ತಾ ಹೇಳಿದರು. "ದಿನಾ ಒಂದೇ ಒಂದು ಬೀಗ್ರೇ. ಸೋಮವಾರ ಅದೂ ಇಲ್ಲ."

"ನಂದು ಶನಿವಾರ ಒಂದ ದಿನ" ಅಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸುಧಾಳ ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ "ಬರ್ರಿ, ಕೂಡ್ರಿ, ಊಟ ಆತೇನ್ರಿ" ಬಿಟ್ಟರೆ ನಾಲ್ಕನೆಯ ಮಾತು ಬಂದಿರಲಿಲ್ಲ. ಈಗ ಅವರು ನನ್ನ ತೋಳು ಹಿಡಿದುಕೊಂಡು, "ಹಂಗಾರೆ ಶೀಲಮ್ಮ ಹೇಳಿದ ಆ ನಲವತ್ತರ ಮೇಲಿನ ಲೆಕ್ಕ ಇದ್ರಲ್ಲಿ ಎಲ್ಲಿ ಬರದವ್ರೆ, ತೋರ್ಸಿ" ಅಂದರು.

ರೂಮಿಗೆ ಬಂದು ಬಾಗಿಲು ಹಾಕಿದೆವು. ಹೊರಗೆ ಹಗಲು, ಮಡಕಶಿರಾದಲ್ಲಿ ಸಂಜೆ. ಬೀಗರು ಕಾಲುಚೀಲಗಳ ಒಳಗಿಂದ ಸಣ್ಣ ಸಣ್ಣ ಬಾಟಲಿ ತೆಗೆದರು. ದೊಡ್ಡದನ್ನು ಕೊಳ್ಳುವ ಮೊದಲು ಸ್ಯಾಂಪಲ್ ನೋಡುವುದು ಅವರ ಅಂಗಡಿಯ ಪದ್ಧತಿ. ಬೇಳೆ ಕಾಳಿಗೂ ಹಾಗೇ ಮಾಡುತ್ತಾರಂತೆ. ನಾನು ಬನಿಯನ್ನುಗಳ ಮಧ್ಯದಿಂದ ಜಿಂಕೆ ತೆಗೆದೆ. ಅವರು ಅದನ್ನು ಕೈಯಲ್ಲಿ ಎತ್ತಿ ತೂಕ ನೋಡಿ ಕೊಂಬು ಮುಟ್ಟಿದರು. "ಗಾಜಿಗೆ ದುಡ್ಡು ಕೊಟ್ಟಿದೀರಿ ಬೀಗ್ರೇ."

ಹೋಟೆಲಿನ ಚಹಾ ಕಪ್ಪುಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಚಮಚದಲ್ಲಿ ನೀರು ಸೇರಿಸಿ ನೋಡುತ್ತಾ ಹೋದೆವು. ಜಿಂಕೆಯದು ಗಂಟಲಲ್ಲಿ ಗೀರಿಕೊಂಡು ಇಳಿಯಿತು. ಹೊಗೆಯ ವಾಸನೆಯದನ್ನು ಬಾಯಿಗಿಟ್ಟರೆ ಆಸ್ಪತ್ರೆಯ ವಾರ್ಡು ಒರೆಸಿದ ಬಟ್ಟೆಯ ನೆನಪು. ಅಲ್ಲಿಯ ಜನಕ್ಕೆ ಅದೇ ಪ್ರಾಣವಂತೆ. ಹದಿನೈದು ವರ್ಷ ಹಳೆಯದೊಂದು ಬಹಳ ನಯವಾಗಿತ್ತು. ಆದರೆ ಅದರ ಬೆಲೆ ನೆನೆದಾಗಲೆಲ್ಲ ಗುಟುಕು ಸಣ್ಣದಾಗುತ್ತಿತ್ತು. ಗುಂಟೂರಿನವಳು ಕೊಟ್ಟದ್ದು ಕೊನೆಗೆ. ಅದು ಆ ಅಂಗಡಿಯದೇ ಹೆಸರಿನ ಮಾಲು, ಬೇರೆ ಬೇರೆ ಮಾಲ್ಟು ಬೆರೆಸಿದ್ದು, ವಯಸ್ಸಿನ ಮಾತೇ ಇಲ್ಲ. ಮೂಗಿಗೆ ಹಿಡಿದರೆ ಆಲೆಮನೆಯ ಬೆಲ್ಲ ಕುದಿಯುವಾಗಿನ ವಾಸನೆ. ಬಾಯಲ್ಲಿ ಹುರಿದ ಶೇಂಗಾ. ನೀರು ಹಾಕಿದರೆ ಇನ್ನಷ್ಟು ಬಿಚ್ಚಿಕೊಂಡಿತು. ಇಬ್ಬರೂ ಒಟ್ಟಿಗೇ ಎರಡನೆಯ ಸಲ ಕಪ್ಪು ಮುಂದಿಟ್ಟೆವು. ತೀರ್ಮಾನ ಅಲ್ಲಿಗೆ ಆಯಿತು.

ಬೀಗರು ಸಡಿಲವಾಗಿ ದಿಂಬಿಗೆ ಒರಗಿದ್ದರು. ಇದೇ ಹೊತ್ತೆಂದು ನಾನು ಶುರು ಮಾಡಿದೆ. "ಬೀಗರ, ಸುಧಾ ಆ ಹಿಂದಿನ ರೂಮು ಕೇಳಿದ್ಲಲ್ರಿ."

ಅವರ ಮುಖದ ಮೇಲಿನ ನಗು ನಿಂತಿತು. ಕಪ್ಪು ಕೆಳಗಿಟ್ಟರು. "ಕುಡಿದಾಗ ನಾನು ಮಾತು ಕೊಡೋನಲ್ಲ. ಬೆಳಿಗ್ಗೆ ಕೇಳಿ."

ಅದೇ ಊರು, ಮರುದಿನ ಬೆಳಿಗ್ಗೆ

ಬೆಳಿಗ್ಗೆ ನದಿಯ ದಂಡೆಯಲ್ಲಿ ನಡೆಯಲು ಹೋದೆವು. ಸೊಂಟದ ಮಟ ನೀರಲ್ಲಿ ನಿಂತು ಒಬ್ಬ ಮುದುಕ ಗಾಳ ಬೀಸುತ್ತಿದ್ದ. ಮೀನು ಸಿಕ್ಕರೆ ಮತ್ತೆ ನೀರಿಗೇ ಬಿಡುತ್ತಿದ್ದ. ಬೀಗರಿಗೆ ಇದು ಅರ್ಥವಾಗಲಿಲ್ಲ. ನಾನು ಅರ್ಥ ಮಾಡಿಸುವ ಸ್ಥಿತಿಯಲ್ಲಿರಲಿಲ್ಲ. ರಾತ್ರಿಯೆಲ್ಲ ಒಂದೇ ಚಿಂತೆ. ಕುಡಿಸಿ ಮಾತು ಕೇಳಿದೆ ಅಂತ ತಿಳಿದರೋ, ಮಗಳ ಕೆಲಸ ನನ್ನ ಕೈಯಾರೆ ಕೆಡಿಸಿದೆನೋ.

ಬೆಂಚಿನ ಮೇಲೆ ಕೂತ ಮೇಲೆ ಅವರೇ ಮಾತು ತೆಗೆದರು.

"ಆ ರೂಮಲ್ಲಿ ಗೋಣಿಚೀಲದ ಹಿಂದೆ ನಂದೊಂದು ಕುರ್ಚಿ ಐತೆ."

ನಾನು ಅವರ ಕಡೆ ತಿರುಗಿದೆ.

"ಅಂಗಡಿ ಬಾಗಿಲು ಹಾಕಿದ ಮೇಲೆ ಅಲ್ಲಿ ಕೂರ್ತೀನಿ. ಮನೆಯೋರಿಗೆ ಲೆಕ್ಕ ನೋಡ್ತೀನಿ ಅಂತ ಹೇಳಿದೀನಿ. ಹುಡುಗಿ ಬಂದು ಮಾವ, ಆ ರೂಮು ಕೊಡಿ ಅಂದ್ಲು. ಕೇಳಿದ್ದು ನ್ಯಾಯವಾಗೇ ಐತೆ. ಇಲ್ಲ ಅಂದರೆ ಕಾರಣ ಏನ್ ಹೇಳ್ಲಿ? ಕೊಡ್ತೀನಿ ಅಂದರೆ ನಾನು ಎಲ್ಲಿಗ್ ಹೋಗ್ಲಿ?"

ನಗಬಾರದು ಅಂತ ನನಗೆ ಗೊತ್ತಿತ್ತು. ನದಿ ನೋಡಿದೆ, ಮುದುಕನನ್ನು ನೋಡಿದೆ, ಆದರೂ ನಗು ತಡೆಯಲಾಗಲಿಲ್ಲ. ಇಷ್ಟು ತಿಂಗಳು ನಮ್ಮ ಮನೆಯಲ್ಲಿ ಇದನ್ನು ಎಷ್ಟು ಬಗೆಯಲ್ಲಿ ಯೋಚಿಸಿದ್ದೆವು. ಸೊಸೆ ದುಡಿಯುವುದು ಅವರಿಗೆ ಇಷ್ಟವಿಲ್ಲವೇನೋ, ಮದುವೆಯಲ್ಲಿ ಉಪಚಾರ ಕಡಿಮೆ ಆಯಿತೇನೋ, ನನ್ನ ಮಗಳು ಏನಾದರೂ ಎದುರು ಮಾತಾಡಿದಳೇನೋ. ಬೀಗರು ಮೊದಲು ಬಿಗಿಯಾದರು, ಎದ್ದು ನಾಲ್ಕು ಹೆಜ್ಜೆ ಹೋದರು. ಮತ್ತೆ ಬಂದು ಕೂತು ತಾವೂ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ಆ ಹುಡುಗಿ ಈಗೀಗ ನನ್ನ ಹತ್ರ ಮೊದಲಿನಂಗೆ ಮಾತಾಡಲ್ಲ ಬೀಗ್ರೇ" ಅಂದರು. "ಅದು ನನಗೆ ಗೊತ್ತಾಗುತ್ತೆ."

ಅಂಗಡಿಯ ಮಾಳಿಗೆ ಮೇಲೆ ಒಂದು ಶೀಟಿನ ಕೋಣೆ ಮಾಡಿಸೋಣ ಅಂದೆ. ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆ ಖಾಲಿ ಮಾಡಿಸೋಣ ಅಂದೆ. ಅವರು ತಲೆಯಾಡಿಸಿದರು.

"ಮೊಮ್ಮಕ್ಕಳು ಆಗವ್ರೆ ನನಗೆ. ಇನ್ನೂ ಎಷ್ಟು ಕೋಣೆ ಬದಲಾಯಿಸ್ಲಿ? ಹೇಳ್ಬಿಡ್ತೀನಿ."

ಹೋಗುವಾಗ ಗುಂಟೂರಿನವಳ ಅಂಗಡಿಯಲ್ಲಿ ಆರಿಸಿದ್ದನ್ನು ತಲಾ ಎರಡು ಬಾಟಲಿ ಕೊಂಡೆವು. ರಟ್ಟಿನ ಡಬ್ಬಿ ಇರಲಿಲ್ಲ. ಅವಳು ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟಳು. ಜಿಂಕೆಯನ್ನು ಹೋಟೆಲಿನವರಿಗೇ ಬಿಟ್ಟು ಬಂದೆವು.

ಮಡಕಶಿರಾ

ನಮ್ಮನ್ನು ಎದುರುಗೊಳ್ಳಲು ಗಿರಿಜಾ ಮೊದಲೇ ಮಡಕಶಿರಾಕ್ಕೆ ಬಂದಿದ್ದಳು. ಕಾಲು ತೊಳೆದು ಒಳಗೆ ಹೋದೆವು. ನಾನು ಅಂದುಕೊಂಡಿದ್ದು, ಬೀಗರು ಎರಡು ದಿನ ಬಿಟ್ಟು, ಸಮಯ ನೋಡಿ ಹೇಳುತ್ತಾರೆ ಅಂತ. ಅವರು ಕೋಟು ಕೂಡ ಬಿಚ್ಚಲಿಲ್ಲ. ಪೆಟ್ಟಿಗೆ ತೆರೆದು ಪೇಪರು ಬಿಡಿಸಿ ಬಾಟಲಿಯನ್ನು ನಡುಮನೆಯಲ್ಲಿ, ಸುಧಾಳ ಮುಂದೆ ಇಟ್ಟರು.

"ಇದು ನಂದು. ದಿನಾ ರಾತ್ರಿ ಒಂದು ತಗಳ್ತೀನಿ. ಹಿಂದಿನ ರೂಮು ಇದಕ್ಕೇ ಇಟ್ಕಂಡಿದ್ದೆ. ನಾಳೆಯಿಂದ ರೂಮು ನಿಂದು. ಮಿಷಿನ್ ತರಿಸ್ಕೋ."

ಸುಧಾ ಬಾಟಲಿ ನೋಡಿದಳು, ಮಾವನ ಮುಖ ನೋಡಿದಳು. ಮಾತಾಡಿದ್ದು ಬೀಗಿತ್ತಿ, ಅವರ ಹೆಂಡತಿ. ದನಿ ಏರಿಸಲಿಲ್ಲ. "ಲೆಕ್ಕ ಮುಗೀಲಿ, ಕೂಗೋದು ಬ್ಯಾಡ ಅಂತ ನಾನು ಊಟ ಮುಚ್ಚಿಟ್ಟುಕೊಂಡು ಕಾಯ್ತಿದ್ದೆ. ಎಷ್ಟು ಸಲ ಸಾರು ಬಿಸಿ ಮಾಡಿದೀನಿ" ಅಂದು ಎದ್ದು ಅಡುಗೆಮನೆಗೆ ಹೋದರು. ಬೀಗರು ಅಲ್ಲೇ ನಿಂತಿದ್ದರು. ಸ್ಕಾಟ್ಲೆಂಡಿನ ಗಾಳಿಗೆ ಪಂಚೆ ಹಿಡಿದುಕೊಂಡಿದ್ದ ಕೈಯಲ್ಲಿ ಬಾಟಲಿಯ ಪೇಪರನ್ನು ಮಡಚುತ್ತಿದ್ದರು.

ಸುಧಾ ಬಾಟಲಿ ಎತ್ತಿ ಕಿಟಕಿಯ ಗೂಡಿನಲ್ಲಿ ಇಟ್ಟಳು. "ಮಾವ, ಹಿಂದಿನ ಪಡಸಾಲಿಯಾಗ ಕೂಡ್ರಿ. ಗಾಳಿ ಬರತೈತಿ. ಆದರ ಅತ್ತಿ ಊಟಕ್ಕ ಕರದಾಗ ಏಳಬೇಕು."

"ಎಲ್ರೂ ನೋಡ್ತಾರಲ್ಲಮ್ಮ."

"ಎಲ್ರೂ ಅಂದ್ರ ನಾವ ಅಲ್ರಿ."

ಅಷ್ಟಕ್ಕೆ ಮುಗಿಯಿತು ಅಂದುಕೊಂಡು ನಾನು ನನ್ನ ಪೆಟ್ಟಿಗೆಯನ್ನು ಕಾಲಿನಿಂದ ಮಂಚದ ಕೆಳಗೆ ಸರಿಸಿದೆ. ಒಳಗೆ ಗಾಜಿಗೆ ಗಾಜು ತಾಗಿದ ಸದ್ದಾಯಿತು. ಗಿರಿಜಾ ನನ್ನ ಕಡೆ ತಿರುಗಿದಳು.

"ಬೀಗರು ಹೇಳಿದ್ರು" ಅಂದಳು. "ನೀವು?"

ಪೆಟ್ಟಿಗೆ ಬಿಚ್ಚಿದೆ.

ಬೀಗಿತ್ತಿ ಒಂದು ವಾರ ಬೀಗರ ಜೊತೆ ಮಾತಾಡಲಿಲ್ಲವಂತೆ. ಗಿರಿಜಾ ಮಡಕಶಿರಾದಿಂದ ರಾಯದುರ್ಗದವರೆಗೆ ಮಾತಾಡಲಿಲ್ಲ. ಊರು ಬಂದ ಮೇಲೆ ಇಷ್ಟೇ ಅಂದಳು, ಶನಿವಾರ ತಿಪ್ಪೇಸ್ವಾಮಿಯನ್ನು ನಮ್ಮ ಮನೆಗೇ ಕರೆಯಿರಿ, ಆ ಮಾಳಿಗೆಗೆ ಮೋಟುಗೋಡೆ ಇಲ್ಲ, ಬಿದ್ದೀರಿ. ತಿಪ್ಪೇಸ್ವಾಮಿ ಬಂದ, ವಿಸ್ಕಿ ಮೆಚ್ಚಿದ. ಆದರೆ ಗಿರಿಜಾ ಮಂಡಕ್ಕಿ ಒಗ್ಗರಣೆ ತಂದಿಟ್ಟಾಗ ಅವನಿಗೆ ಗುಟುಕು ಇಳಿಯಲಿಲ್ಲ. ಎರಡನೆಯ ವಾರ ಇಳಿಯಿತು.

ಮಡಕಶಿರಾದಲ್ಲಿ ಈಗ ನಾಲ್ಕು ಮಿಷಿನ್ ನಡೆಯುತ್ತಿವೆ. ಶಾಲೆ ಶುರುವಾಗುವ ಹೊತ್ತಿಗೆ ಯೂನಿಫಾರ್ಮ್ ಕೊಡಬೇಕೆಂದು ಸುಧಾ ಸಂಜೆ ಕತ್ತಲಾದ ಮೇಲೂ ಕೂರುತ್ತಾಳೆ. ಬೀಗರು ಪಡಸಾಲೆಯಲ್ಲಿ ಕೂರುತ್ತಾರೆ. ಮೊನ್ನೆ ಶನಿವಾರ ಫೋನ್ ಮಾಡಿದರು.

"ಕೂತಿದೀರಾ ಬೀಗ್ರೇ?"

"ಕೂತೀನ್ರಿ. ನೀವು?"

"ನಾನೂ. ಮಿಷಿನ್ ಸದ್ದು ಕೇಳುತ್ತಾ? ಅದು ಸುಧಾಂದು. ಉಳಿದ ಮೂರು ನಿಂತವೆ."

ಸ್ಕಾಚು ಇನ್ನೂ ಉಳಿದಿದೆಯೇ ಅಂತ ಕೇಳಿದೆ.

"ಅದು ಯಾವಾಗ್ಲೋ ಮುಗೀತು. ಈಗ ಇಲ್ಲೇ ಸಿಗೋದು. ವಾಸನೆ ಇಲ್ಲ, ಗಂಟಲು ಸುಡುತ್ತೆ" ಅಂದರು. ಅಷ್ಟರಲ್ಲಿ ಒಳಗಿಂದ ಬೀಗಿತ್ತಿಯ ದನಿ ಕೇಳಿತು, ಊಟಕ್ಕೆ ಎದ್ದೇಳಿ ಅಂತ. "ಅರ್ಧ ಉಳಿದೈತೆ ಕಣೇ" ಅಂದರು. ಅಲ್ಲೇ ಬಿಟ್ಟು ಬನ್ನಿ, ಸಾರು ಆರುತ್ತೆ, ಅಂದರು ಬೀಗಿತ್ತಿ.

"ಇಡ್ತೀನಿ ಬೀಗ್ರೇ" ಅಂದರು ರುದ್ರಪ್ಪನವರು. ಕುರ್ಚಿ ಸರಿದ ಸದ್ದು ಕೇಳಿಸಿತು.